ನಿಮ್ಮ ಬೆನ್ನಿನ ಅಳತೆಗೆ ಒಂದು ಸಿಲಿಂಡರ್

ಕಡಬ
೧೭ ನವೆಂಬರ್ ೨೦೨೪, ಭಾನುವಾರ

ತನ್ಮಯಿಯ ಅಪ್ಪನಿಗೆ ಶಂಕರಿಯ ನಮಸ್ಕಾರ.

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಮಗಳು ಚೆನ್ನಾಗಿದ್ದಾಳೆ. ಪುತ್ತೂರಿನ ಹಾಸ್ಟೆಲಿನ ಊಟವನ್ನು ಬೈಯುತ್ತಾ ಎರಡು ಕಿಲೋ ದಪ್ಪವಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಏನು ಹೇಳಿದರೂ ನೀವು “ಆಯ್ತು” ಎಂದು ಹೇಳಿ ಇಟ್ಟುಬಿಡುತ್ತೀರಿ. ಆಯ್ತು ಎಂದರೆ ಒಪ್ಪಿದ್ದೋ ಮಾತು ಮುಗಿಸಿದ್ದೋ ಎಂಬುದು ಹತ್ತೊಂಬತ್ತು ವರ್ಷ ಜೊತೆಗಿದ್ದರೂ ನನಗೆ ತಿಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನೀರಿನಡಿಯಲ್ಲಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಉಕ್ಕಿನ ಸಿಲಿಂಡರ್ ಒಂದನ್ನು ನಿಮಗಾಗಿ ಕೊಂಡಿದ್ದೇನೆ. ಸದ್ಯ ಅದು ನನ್ನ ಬಾಡಿಗೆ ಮನೆಯ ಮೂಲೆಯಲ್ಲಿದೆ. ಉರುಳದ ಹಾಗೆ ಕಿಟಕಿಯ ಸರಳಿಗೆ ಹಳೆಯ ಸೀರೆಯಿಂದ ಕಟ್ಟಿದ್ದೇನೆ. ಮನೆಯ ಯಜಮಾನತಿ ರುಖಿಯಮ್ಮ ಮೊನ್ನೆ ಒಳಗೆ ಬಂದವರು, “ಇದು ಎಂತ ಟೀಚರೇ, ಹೊಸ ನಮೂನೆಯ ಗ್ಯಾಸಾ?” ಎಂದು ಕೇಳಿದರು. ಅಲ್ಲ, ನನ್ನ ಗಂಡನಿಗೆ ತಂದದ್ದು ಎಂದೆ. ಅವರು ಸಿಲಿಂಡರನ್ನೂ ನನ್ನನ್ನೂ ಒಮ್ಮೆ ನೋಡಿದರು. ಮೂರು ವರ್ಷದಲ್ಲಿ ನನ್ನ ಬಾಯಿಂದ ಅವರು ಗಂಡ ಎನ್ನುವ ಶಬ್ದ ಕೇಳಿದ್ದು ಅದೇ ಮೊದಲು.

ನದಿಯೋ ನಾನೋ ಎಂದು ಕೇಳಿ ಹೊರಟವಳು ಈಗ ನದಿಗೆ ಇಳಿಯುವ ಸಾಮಾನು ಕೊಡುತ್ತಿದ್ದಾಳೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣ ಹೇಳುತ್ತೇನೆ.

ಸೆಪ್ಟೆಂಬರಿನಲ್ಲಿ ಇಲ್ಲಿ ಕುಮಾರಧಾರೆಯಲ್ಲಿ ತೀರ್ಥರಾಮ ಹೋದದ್ದು ನಿಮಗೆ ಗೊತ್ತೇ ಇದೆ. ಅವನನ್ನು ಮೇಲೆ ತಂದವರು ನೀವೇ. ನಿಮಗೆ ಗೊತ್ತಿಲ್ಲದ್ದು, ಅವನು ದಿನಾ ನಮ್ಮನ್ನು ಶಾಲೆಗೆ ಬಿಡುತ್ತಿದ್ದ ರಿಕ್ಷಾದವನು ಎಂಬುದು. ಹಿಂದಿನ ಸೀಟಿನಲ್ಲಿ ನಾನು ಮತ್ತು ಹಿಂದಿ ಟೀಚರ್ ಜಸೀನಾ. ನಾವು ಮಕ್ಕಳ ಮಾರ್ಕಿನ ಬಗ್ಗೆ ಮಾತಾಡಿದರೆ ಅವನೂ ಅಭಿಪ್ರಾಯ ಹೇಳುತ್ತಿದ್ದ. ಆ ದಿನ ಸಂಜೆ ಹೊಳೆ ದಾಟುವ ಕಡವಿನಲ್ಲಿ ರಿಕ್ಷಾ ತೊಳೆಯಲು ಇಳಿದವನು ಕಾಲು ಜಾರಿ ಹೋದ. ಮರುದಿನ ಬೆಳಿಗ್ಗೆ ನೀವು ಬಂದಿರಿ. ಅಗ್ನಿಶಾಮಕದವರು ದೋಣಿಯಲ್ಲಿ ಹುಡುಕುತ್ತಿದ್ದರು. ಬಂಡೆಗಳ ನಡುವಿನ ಗುಂಡಿಯೊಳಗೆ ಇಳಿದು ನೋಡುವವರು ಬೇಕಿತ್ತು.

ನಾನು ಅಲ್ಲಿದ್ದೆ. ಅಗ್ನಿಶಾಮಕದ ಗಾಡಿಯ ಹಿಂದೆ, ಜನರ ನಡುವೆ ನಿಂತಿದ್ದೆ. “ಅರಂತೋಡಿನ ಪಂಪು ರಿಪೇರಿಯ ಪ್ರಸನ್ನಣ್ಣ ಬಂದ್ರು, ಇನ್ನು ಸಿಗ್ತದೆ,” ಎಂದು ಯಾರೋ ಹೇಳಿದ್ದು ಕೇಳಿಸಿತು. ನೀವು ಸೊಂಟಕ್ಕೆ ಹಗ್ಗ ಕಟ್ಟಿ, ಅಂಗಿ ಬಿಚ್ಚಿ ಮಡಚಿ ಬಂಡೆಯ ಮೇಲೆ ಇಟ್ಟಿರಿ. ಮಡಚಿ ಇಡುವವರು ನೀವೊಬ್ಬರೇ ಇರಬೇಕು. ಇಪ್ಪತ್ತೆರಡು ಸಲ ಮುಳುಗಿದಿರಿ. ಪ್ರತಿ ಸಲ ನಾನೂ ಉಸಿರು ಹಿಡಿದು ನೋಡಿದೆ. ಒಮ್ಮೆಯೂ ನಿಮ್ಮಷ್ಟು ಹೊತ್ತು ಆಗಲಿಲ್ಲ. ಹದಿನೆಂಟನೆಯ ಸಲ ಮೇಲೆ ಬಂದಾಗ ನಿಮ್ಮ ಮೂಗಿನಿಂದ ರಕ್ತ ಇಳಿಯುತ್ತಿತ್ತು. ನೀವು ಅದನ್ನು ನೀರಿನಲ್ಲೇ ತೊಳೆದು ಮತ್ತೆ ಹೋದಿರಿ. ಎಲ್ಲ ಮುಗಿದ ಮೇಲೆ ಚಹಾದ ಗ್ಲಾಸು ಹಿಡಿಯಲೂ ನಿಮಗೆ ಆಗಲಿಲ್ಲ. ಒಬ್ಬರು ಪೋಲೀಸರು ಗ್ಲಾಸನ್ನು ಬಾಯಿಗೆ ಹಿಡಿದರು. ನಾನು ಮುಂದೆ ಬರಬಹುದಿತ್ತು. ಬರಲಿಲ್ಲ. ಪಿಕಪ್ಪಿನ ಹಿಂದೆ ಕೂತು ನೀವು ಹೋಗುವವರೆಗೆ ನಿಂತಿದ್ದು ಶಾಲೆಗೆ ಹೋದೆ. ಎಂಟನೆಯ ತರಗತಿಗೆ ಯಾವ ಪಾಠ ಮಾಡಿದೆನೋ ನೆನಪಿಲ್ಲ.

ಒಂದು ವಾರ ಕಳೆದು ತೀರ್ಥರಾಮನ ಹೆಂಡತಿಯನ್ನು ನೋಡಲು ಹೋದೆ. ನೀವು ನನ್ನ ಗಂಡ ಎಂದು ಅವಳಿಗೆ ಗೊತ್ತಿಲ್ಲ. ಅವಳೇ ಹೇಳಿದಳು, “ಆ ಮನುಷ್ಯ ನನ್ನ ಹತ್ರ ಬಂದು ಎಂತದೂ ಹೇಳ್ಲಿಲ್ಲ ಟೀಚರೇ. ಕೈ ಮುಗಿದು ಹೋದ್ರು. ಇವರ ಮುಖ ನೋಡ್ಲಿಕ್ಕೆ ಸಿಕ್ಕಿತಲ್ಲ, ಇಲ್ಲದಿದ್ರೆ ನಾನು ಈಗಲೂ ಆ ಕಡವಿನಲ್ಲೇ ಕೂತಿರ್ತಿದ್ದೆ.”

ಅವಳ ಮನೆಯಿಂದ ನಡೆದು ಬರುವಾಗ ನನಗೆ ಒಂದು ತೀರ್ಮಾನ ಆಯಿತು. ನಿಮ್ಮನ್ನು ತಡೆಯಲು ನನ್ನಿಂದ ಆಗುವುದಿಲ್ಲ. ತಡೆಯಬೇಕೆಂದು ಈಗ ಅನ್ನಿಸುವುದೂ ಇಲ್ಲ. ಆದರೆ ಇಪ್ಪತ್ತೆರಡು ಸಲ ಬರಿಯ ಎದೆಯ ಗಾಳಿಯಲ್ಲಿ ಮುಳುಗುವುದನ್ನು ಇನ್ನೊಮ್ಮೆ ನೋಡಲಾರೆ.

ಮುಂದಿನದು ನನ್ನ ತಪ್ಪಿನ ಕತೆ. ಯಾರಿಗೂ ಹೇಳದೆ, ಎರಡನೇ ಶನಿವಾರ ಒಬ್ಬಳೇ ಮಂಗಳೂರಿಗೆ ಹೋದೆ. ಜಸೀನಾಳನ್ನು ಕೇಳಿದ್ದರೆ ದಾರಿ ಸಿಗುತ್ತಿತ್ತು. ಕೇಳಿದರೆ ಯಾರಿಗೆ ಎಂದು ಹೇಳಬೇಕಾಗುತ್ತದಲ್ಲ. ಬಂದರಿನ ಹತ್ತಿರ ಹಡಗಿನ ಹಳೆ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಹಳದಿ ಬಣ್ಣದ ದೊಡ್ಡ ಸಿಲಿಂಡರ್ ಇತ್ತು. ಬಣ್ಣ ಫಳಫಳ ಹೊಳೆಯುತ್ತಿತ್ತು. ಅಂಗಡಿಯವನು ನಾಣ್ಯದಿಂದ ಬಡಿದ, ಗಂಟೆಯ ಹಾಗೆ ಸದ್ದು ಬಂತು. ವಾಲ್ವನ್ನು ಸ್ವಲ್ಪ ತಿರುಗಿಸಿದ, ಸುಯ್ ಎಂದು ಗಾಳಿ ಹೊರಟಿತು. “ನೋಡಿ ಮೇಡಂ, ಒಳಗೆ ಇನ್ನೂ ಗಾಳಿ ಉಂಟು. ಇಷ್ಟು ಗಟ್ಟಿಯದ್ದು ಈಗ ಬರುದಿಲ್ಲ.” ನಾನು ನಂಬಿದೆ. ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬಂದೆ. ಉಪ್ಪಿನಂಗಡಿಯವರೆಗೂ ಒಂದು ಕೈ ಅದರ ಮೇಲೇ ಇತ್ತು. ನಿಮಗೆ ಎಂದು ನಾನು ಏನಾದರೂ ಕೊಂಡು ಎಷ್ಟು ಕಾಲವಾಗಿತ್ತು! ದಾರಿಯುದ್ದಕ್ಕೂ ಖುಷಿಯಾಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಮನೆಗೆ ತಂದ ಮೇಲೆ ಗಾಳಿ ತುಂಬಿಸುವುದು ಎಲ್ಲಿ ಎಂಬ ಪ್ರಶ್ನೆ ಬಂತು. ಆಗ ಜಸೀನಾಳಿಗೆ ಹೇಳಲೇಬೇಕಾಯಿತು. ಅವಳ ದೊಡ್ಡಪ್ಪ ಸಮದ್ ಎಂಬವರು ಗಲ್ಫಿನಲ್ಲಿ ಇಪ್ಪತ್ತು ವರ್ಷ ನೀರಿನಡಿಯ ಕೆಲಸ ಮಾಡಿದವರು, ಹಡಗಿನ ತಳ, ತೈಲದ ಕೊಳವೆ ಅಂತ. ಈಗ ಪುತ್ತೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಮುಳುಗುವವರ ಸಾಮಾನು ರಿಪೇರಿ ಮಾಡುತ್ತಾರೆ, ಉಸಿರಾಡುವ ಗಾಳಿ ತುಂಬಿಸುವ ಯಂತ್ರವೂ ಅವರಲ್ಲಿದೆ. ಮುಂದಿನ ಭಾನುವಾರ ಸಿಲಿಂಡರ್ ಹೊತ್ತು ಪುತ್ತೂರಿಗೆ ಹೋದೆ. ಬಸ್‌ಸ್ಟ್ಯಾಂಡಿಗೆ ತನ್ಮಯಿ ಬಂದಿದ್ದಳು, ಎತ್ತಲು ಕೈ ಬೇಕಿತ್ತು. “ಯಾರಿಗಮ್ಮ ಇದು?” ಎಂದು ಕೇಳಿದಳು. ಅಪ್ಪನಿಗೆ ಎಂದೆ. ರಿಕ್ಷಾದಲ್ಲಿ ಅವಳು ನನ್ನ ಕಡೆ ತಿರುಗದೆ ಹೊರಗೇ ನೋಡುತ್ತಿದ್ದಳು.

ಸಮದ್ ಅವರದು ಮಾತು ಕಡಿಮೆ. ಗೋಣಿ ಬಿಚ್ಚಿದ ಕೂಡಲೇ ಅವರ ಮುಖ ಸಣ್ಣದಾಯಿತು. “ಟೀಚರೇ, ಇದು ಎಲ್ಲಿಂದ ತಂದದ್ದು?” ಹೇಳಿದೆ. ಅವರು ಚೂರಿಯಿಂದ ಸಿಲಿಂಡರಿನ ಹೆಗಲಿನ ಬಣ್ಣವನ್ನು ಕೆರೆದರು. ಕೆಳಗೆ ಉಕ್ಕಿನಲ್ಲಿ ಒತ್ತಿದ ಅಂಕೆಗಳಿದ್ದವು. ಪ್ರತಿ ಸಿಲಿಂಡರಿಗೂ ಹೀಗೆ ಜಾತಕ ಇರುತ್ತದಂತೆ: ಎಷ್ಟು ಲೀಟರು, ಎಷ್ಟು ಒತ್ತಡ, ಕೊನೆಗೆ ನೀರು ತುಂಬಿಸಿ ಒತ್ತಡದ ಪರೀಕ್ಷೆ ಮಾಡಿದ್ದು ಯಾವ ತಿಂಗಳು ಯಾವ ವರ್ಷ. ಕೊಳ್ಳುವವರು ಬಣ್ಣಕ್ಕಿಂತ ಮೊದಲು ಅದನ್ನು ಓದಬೇಕು. ಇದರ ಕೊನೆಯ ಪರೀಕ್ಷೆ ೧೯೯೮ರದ್ದು. ಅವರು ಒಳಗಿನ ಗಾಳಿಯನ್ನು ನಿಧಾನಕ್ಕೆ ಬಿಟ್ಟು, ವಾಲ್ವ್ ಕಳಚಿ, ಸಿಲಿಂಡರನ್ನು ಒಂದು ಹಳೆ ಪೇಪರಿನ ಮೇಲೆ ಬಗ್ಗಿಸಿದರು. ಮೊದಲು ಕಂದು ನೀರು, ಆಮೇಲೆ ಕೆಂಪು ಪುಡಿ. ಎರಡು ಬೊಗಸೆಯಷ್ಟು.

“ಉಪ್ಪುನೀರು ಹೋಗಿದೆ ಒಳಗೆ,” ಎಂದರು. “ತುಂಬಿಸುವಾಗಲೇ ಒಡೀಬಹುದು. ಒಡೀದಿದ್ರೆ ಇನ್ನೂ ಕಷ್ಟ. ತುಂಬಿಸಿ ತಿಂಗಳುಗಟ್ಟಲೆ ಇಟ್ರೆ ತುಕ್ಕು ಗಾಳಿಯನ್ನು ತಿಂತದೆ. ಮೀಟರಿನ ಮುಳ್ಳು ನೋಡಿದ್ರೆ ಭರ್ತಿ ಉಂಟು. ಆ ಗಾಳಿ ಎಳೆದವನಿಗೆ ಕೆಳಗೆ ಹೋದ ಮೇಲೆ ತಲೆ ತಿರುಗ್ತದೆ, ಅವನಿಗೆ ಗೊತ್ತೂ ಆಗುದಿಲ್ಲ.”

ಕಬ್ಬಿಣಕ್ಕೆ ತುಕ್ಕು ಹಿಡಿಯುವಾಗ ಆಮ್ಲಜನಕ ಖರ್ಚಾಗುತ್ತದೆ ಎಂದು ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಮೂರು ಪ್ರನಾಳ, ಮೂರು ಮೊಳೆ, ಒಂದರಲ್ಲಿ ಎಣ್ಣೆ. ಪ್ರತಿವರ್ಷ ಪರೀಕ್ಷೆಗೆ ಕೊಡುವ ಪ್ರಶ್ನೆ. ಆ ಪುಡಿಯನ್ನು ನೋಡುತ್ತಾ ಅಲ್ಲೇ ಜಗಲಿಯ ಮೆಟ್ಟಿಲಲ್ಲಿ ಕೂತುಬಿಟ್ಟೆ. ನನ್ನ ಕೈಯಾರೆ ಅದನ್ನು ನಿಮ್ಮ ಬೆನ್ನಿಗೆ ಕಟ್ಟುವುದರಲ್ಲಿದ್ದೆ.

ಸಮದ್ ಅವರ ಹೆಂಡತಿ ಜೈನಬಮ್ಮ ನೀರು ತಂದುಕೊಟ್ಟು ಪಕ್ಕದಲ್ಲಿ ಕೂತರು. “ಇವರು ಅಲ್ಲಿ ಇಪ್ಪತ್ತು ವರ್ಷ ಎಂತ ಮಾಡ್ತಿದ್ರು ಅಂತ ನನಗೆ ಗೊತ್ತೇ ಇರ್ಲಿಲ್ಲ ಟೀಚರೇ,” ಎಂದರು. “ಕಂಪೆನಿ ಕೆಲಸ ಅಂತಲೇ ಹೇಳಿದ್ದು. ವಾಪಸು ಬಂದ ಮೇಲೆ ಫೋಟೋ ತೋರ್ಸಿದ್ರು. ಆ ದಿನ ನಾನು ಊಟ ಮಾಡ್ಲಿಲ್ಲ.” ಸಮದ್ ಅವರು ಕೇಳಿಸದವರ ಹಾಗೆ ಪೇಪರ್ ಮಡಚುತ್ತಿದ್ದರು.

ತನ್ಮಯಿ ನನ್ನ ಕಿವಿಯ ಬಳಿ ಬಂದು, “ಅಮ್ಮ, ಇದೊಂದು ಅಪ್ಪನಿಗೆ ಹೇಳ್ಬೇಡ. ಸುಮ್ನೆ ಬೇಜಾರು ಮಾಡ್ತಾರೆ,” ಎಂದಳು. ನಾನು ತಲೆಯಾಡಿಸಿದೆ. ಹೇಳಬಾರದು ಎಂದೇ ನಿಜವಾಗಿ ಅಂದುಕೊಂಡೆ. ಆಗ ಮರ್ಕಂಜದ ಬಾವಿ ನೆನಪಾಯಿತು.

ಆ ಬಾವಿಯ ಬಗ್ಗೆ ನಾವು ಸರಿಯಾಗಿ ಮಾತಾಡಿದ್ದೇ ಇಲ್ಲ. ಪಂಪಿನ ಪೈಪಿನ ತುದಿಯ ಫುಟ್‌ವಾಲ್ವ್ ತೆಗೆಯಲು ಇಳಿದ ನಿಮ್ಮನ್ನು ಪ್ರಜ್ಞೆ ಇಲ್ಲದೆ ಹಗ್ಗದಲ್ಲಿ ಎಳೆದು ಹಾಕಿದ್ದರು. ನೀವು ಮನೆಗೆ ಬಂದು, ಊಟ ಮಾಡಿ, ಕೆಲಸ ಸುಲಭ ಇತ್ತು ಎಂದು ಹೇಳಿ ಮಲಗಿದಿರಿ. ನಾಲ್ಕು ದಿನ ಕಳೆದು ಸುಳ್ಯದ ಪೇಟೆಯಲ್ಲಿ ಆ ಮನೆಯ ಹೆಂಗಸು ನನ್ನನ್ನು ನಿಲ್ಲಿಸಿ, “ಈಗ ಹುಷಾರಿದ್ದಾರಾ?” ಎಂದು ಕೇಳಿದಳು. ನಾನು ಬಂದು ನಿಮ್ಮನ್ನು ಕೇಳಿದರೆ, “ಎಂತ ಆಗ್ಲಿಲ್ಲ ಮಾರಾಯ್ತಿ,” ಎಂದಿರಿ. ಅದೇ ವಾರ ಜಾಲ್ಸೂರಿನಿಂದ ಫೋನ್ ಬಂತು, ಪಯಸ್ವಿನಿಯಲ್ಲಿ ಯಾರೋ ಬಿದ್ದಿದ್ದಾರೆ ಎಂದು. ನೀವು ಎದ್ದು ಹೊರಟಿರಿ. ನಾನು ವರ್ಗಾವಣೆಯ ಅರ್ಜಿ ತುಂಬಿದೆ. ನದಿಯ ಮೇಲಿನ ಸಿಟ್ಟು ಎಂದು ನೀವು ತಿಳಿದಿರಬಹುದು. ಅದು ನೀವು ಮುಚ್ಚಿಟ್ಟದ್ದರ ಮೇಲಿನ ಸಿಟ್ಟು. ಇಷ್ಟು ವರ್ಷ ನಂಬಿದವಳಿಗೆ ಸುಳ್ಳು ಹೇಳಲು ನಿಮಗೆ ಮನಸ್ಸಾದರೂ ಹೇಗೆ ಬಂತು ಎಂದು ಮೂರು ವರ್ಷ ಯೋಚಿಸಿದ್ದೇನೆ. ಉತ್ತರ ಸಿಕ್ಕಿದ್ದು ಸಮದ್ ಅವರ ಜಗಲಿಯ ಮೆಟ್ಟಿಲಲ್ಲಿ. ತುಂಬ ಸುಲಭವಾಗಿ ಬರುತ್ತದೆ. ಪ್ರೀತಿ ಇದ್ದಾಗ ಇನ್ನೂ ಸುಲಭ.

ಅದಕ್ಕೇ ಹೇಳುತ್ತಿದ್ದೇನೆ. ನಾನು ನಿಮಗೆ ತುಕ್ಕು ಹಿಡಿದ ಸಿಲಿಂಡರ್ ತಂದಿದ್ದೆ. ಬೇಜಾರು ಮಾಡಿಕೊಳ್ಳುವುದಾದರೆ ಮಾಡಿಕೊಳ್ಳಿ.

ಅಂಗಡಿಗೆ ಹಿಂತಿರುಗಿಸೋಣ ಎಂದಳು ತನ್ಮಯಿ. “ಅವ ಇನ್ನೊಬ್ಬನಿಗೆ ಮಾರ್ತಾನೆ ಮಗಾ,” ಎಂದರು ಸಮದ್. ನಾನು ಅವರ ಡ್ರಿಲ್ಲಿನಿಂದಲೇ ಅದಕ್ಕೆ ಎರಡು ತೂತು ಹಾಕಿಸಿದೆ. ಆ ಸದ್ದು ಕೇಳುತ್ತಾ ನಿಂತಿದ್ದೆ; ನಂತರ ಸ್ವಲ್ಪ ಹಗುರವಾಯಿತು.

ಚಹಾ ಕುಡಿದ ಮೇಲೆ ಸಮದ್ ಅವರು ಕಾಗದ ಪೆನ್ನು ಹಿಡಿದು ಕೂತರು. “ಅಂಗಿ ಹೊಲಿಸುವಾಗ ಅಳತೆ ಕೊಡುದಿಲ್ವಾ, ಹಾಗೇ ಇದು. ಆಳು ಹೇಗೆ ಅಂತ ಗೊತ್ತಾದ್ರೆ ಟ್ಯಾಂಕ್ ಯಾವುದು ಅಂತ ಹೇಳ್ಬಹುದು. ಎತ್ತರ ಎಷ್ಟು?”

ಐದು ಅಡಿ ನಾಲ್ಕು ಇಂಚು ಎಂದೆ.

“ತೂಕ?”

ಅರವತ್ತೊಂದು ಇತ್ತು, ಈಗ ಐವತ್ತೇಳರ ಮೇಲೆ ಇರಲಾರದು, ಭುಜದ ಎಲುಬು ಕಾಣುತ್ತದೆ ಎಂದೆ. ತನ್ಮಯಿ ಥಟ್ಟನೆ ನನ್ನ ಮುಖ ನೋಡಿದಳು. ನಿಮ್ಮನ್ನು ಯಾವಾಗ ನೋಡಿದೆ ಎಂದು ಅವಳಿಗೆ ಹೇಳಿರಲಿಲ್ಲ.

“ಬೆನ್ನು ಗಟ್ಟಿ ಉಂಟಾ?”

ಇಲ್ಲ. ಐದು ಎಚ್‌ಪಿ ಮೋಟಾರು ಎತ್ತಿ ಸೊಂಟ ಹಿಡಿದದ್ದು. ಎಡಗಡೆಗೆ ಮಲಗಲು ಆಗುವುದಿಲ್ಲ, ಬೆಳಿಗ್ಗೆ ಏಳುವಾಗ ಗೋಡೆ ಹಿಡಿಯುತ್ತಾರೆ. ಎಷ್ಟು ಆಳಕ್ಕೆ ಹೋಗುತ್ತಾರೆ ಎಂದು ಕೇಳಿದರು. ನಮ್ಮ ಹೊಳೆಗಳ ಗುಂಡಿ ಎಂಟು ಹತ್ತು ಮೀಟರು ಎಂದೆ. ಜೊತೆಗೆ ಯಾರು ಇರುತ್ತಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ.

ಅವರು ಪೆನ್ನು ಕೆಳಗಿಟ್ಟರು. “ಉಸಿರು ಹೇಗೆ?”

ನಿಮ್ಮ ಉಸಿರು ನನಗೆ ಗೊತ್ತು. ನಿದ್ದೆಯಲ್ಲಿ ಎಷ್ಟು ನಿಧಾನವೆಂದರೆ, ಹೊಸದರಲ್ಲಿ ಹೆದರಿ ಮೂಗಿನ ಬಳಿ ಬೆರಳು ಹಿಡಿದು ನೋಡುತ್ತಿದ್ದೆ. ಅದನ್ನೆಲ್ಲ ಹೇಳಲಾಗುತ್ತದೆಯೇ? ನಿಧಾನ ಎಂದೆ. ಹೆದರಿಕೆಯಾದರೆ, ಸಿಟ್ಟು ಬಂದರೆ, ಉಸಿರು ಹಿಡಿದುಬಿಡುತ್ತಾರೆ ಎಂದೆ.

“ಅದೇ ಮೊದಲು ಬಿಡ್ಬೇಕು,” ಎಂದರು ಅವರು. “ಟ್ಯಾಂಕ್ ಕಟ್ಟಿದವ ಉಸಿರು ಹಿಡೀಬಾರ್ದು. ಕೆಳಗೆ ಎಳೆದ ಗಾಳಿ ಮೇಲೆ ಬರುವಾಗ ಹಿಗ್ತದೆ. ಬಿಡದಿದ್ರೆ ಎದೆ ಒಡೀತದೆ. ಇಷ್ಟು ವರ್ಷ ಹಿಡಿದು ಅಭ್ಯಾಸ ಆದವರಿಗೆ ಹೊಸಬರಿಗಿಂತ ಕಷ್ಟ.”

ಟ್ಯಾಂಕ್ ಯಾವುದು ಎಂಬ ಮಾತು ಆಮೇಲೆ ಬಂತು. ಪ್ರವಾಸಿಗಳನ್ನು ಸಮುದ್ರಕ್ಕೆ ಇಳಿಸುವ ಕಡೆ ಹೆಚ್ಚಾಗಿ ಅಲ್ಯೂಮಿನಿಯಂ ಇರುತ್ತದೆ. ತುಕ್ಕಿನ ಹೆದರಿಕೆ ಇಲ್ಲ, ಸುಲಭಕ್ಕೆ ಸಿಗುತ್ತದೆ. ಆದರೆ ಗಾಳಿ ಮುಗಿಯುತ್ತಾ ಬಂದ ಹಾಗೆ ಅದು ತೇಲಲು ನೋಡುತ್ತದೆ, ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಸೊಂಟಕ್ಕೆ ಹೆಚ್ಚು ಸೀಸ ಕಟ್ಟಬೇಕು. ನಿಮ್ಮ ಸೊಂಟಕ್ಕೆ ಅದು ಬೇಡ. ಉಕ್ಕಿನದು ಕೊನೆಯವರೆಗೂ ಕೆಳಗೇ ನಿಲ್ಲುತ್ತದೆ. ಹದಿನೈದು ಲೀಟರಿನದು ತೆಗೆದುಕೊಳ್ಳೋಣ, ಹೆಚ್ಚು ಹೊತ್ತು ಬರುತ್ತದೆ ಎಂದು ನಾನು ಆಸೆಪಟ್ಟೆ. ಅದನ್ನು ಹೊತ್ತು ಕಡವು ಇಳಿಯುವಾಗಲೇ ಅರ್ಧ ಸುಸ್ತು ಎಂದರು. ಹನ್ನೆರಡರ ಉದ್ದನೆಯದು ಕುಳ್ಳಗಿನವರಿಗೆ ಹಿಂದೆ ಬಡಿಯುತ್ತದಂತೆ. ಕೊನೆಗೆ ಹತ್ತು ಲೀಟರಿನದು ಎಂದಾಯಿತು. ಹನ್ನೆರಡು ಕಿಲೋ ಚಿಲ್ಲರೆ ತೂಗುತ್ತದೆ. ನಾನು ಅಲ್ಲೇ ಲೆಕ್ಕ ಹಾಕಿದೆ: ಇನ್ನೂರು ಪಟ್ಟು ಒತ್ತಿ ತುಂಬಿಸಿದರೆ ಎರಡು ಸಾವಿರ ಲೀಟರು ಗಾಳಿ, ನಿಮಿಷಕ್ಕೆ ಇಪ್ಪತ್ತು ಲೀಟರು ಉಸಿರು, ಹತ್ತು ಮೀಟರ್ ಕೆಳಗೆ ಖರ್ಚು ಎರಡರಷ್ಟು, ಕಾಲು ಭಾಗ ಮುಟ್ಟದೆ ಉಳಿಸಬೇಕು. ಮೂವತ್ತೇಳು ನಿಮಿಷ ಬಂತು. “ಅರ್ಧ ಗಂಟೆ ಅಂತ ಹೇಳಿ,” ಎಂದರು ಸಮದ್, “ನಿಮ್ಮ ಲೆಕ್ಕದಲ್ಲಿ ಹೊಳೆಯ ಸೆಳವು ಇಲ್ಲ.” ವಾಲ್ವ್ ಮಾತ್ರ ತಿರುಪಿನದೇ ಆಗಬೇಕೆಂದರು, ಬಂಡೆಗೆ ತಾಗಿದರೂ ಕಳಚುವುದಿಲ್ಲ.

ಅವರ ಹಳೆಯ ಗೆಳೆಯರೊಬ್ಬರ ಮೂಲಕ ಕೊಚ್ಚಿಯಿಂದ ತರಿಸಿದರು. ಬರಲು ಮೂರು ವಾರ ಹಿಡಿಯಿತು. ಪುತ್ತೂರಿನ ಪಾರ್ಸೆಲ್ ಆಫೀಸಿನಲ್ಲಿ ನಾನೇ ಬಗ್ಗಿ ಹೆಗಲಿನ ಅಂಕೆಗಳನ್ನು ಓದಿದೆ. ಈ ವರ್ಷದ ಮುದ್ರೆ. ಸಮದ್ ಅವರು ವಾಲ್ವ್ ಬಿಚ್ಚಿ ಒಳಗೆ ಬಲ್ಬ್ ಇಳಿಸಿ ನನಗೆ ತೋರಿಸಿದರು. ತೊಳೆದ ಪಾತ್ರೆಯ ಹಾಗಿತ್ತು. ಸ್ವಲ್ಪವೇ ಗಾಳಿ ತುಂಬಿಸಿ ಕೊಟ್ಟಿದ್ದಾರೆ, ಒಳಗೆ ತೇವ ಹೋಗದ ಹಾಗೆ. ಪೂರ್ತಿ ಖಾಲಿ ಮಾಡಬಾರದು, ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು, ಟಯರಿಗೆ ಗಾಳಿ ಹಾಕುವಲ್ಲಿ ತುಂಬಿಸಲೇಬಾರದು.

ಇನ್ನು ನಿಮ್ಮಿಂದ ಆಗಬೇಕಾದದ್ದು. ನೀವು ಕಲಿಯದೆ ಇದನ್ನು ಮುಟ್ಟುವುದಿಲ್ಲ ಎಂದು ನಾನು ಸಮದ್ ಅವರಿಗೆ ಮಾತು ಕೊಟ್ಟಿದ್ದೇನೆ. ಮೊದಲು ಕಿವಿ ಮೂಗಿನ ಡಾಕ್ಟರಿಗೆ ತೋರಿಸಬೇಕು, ಆ ರಕ್ತದ ವಿಷಯ ಮುಚ್ಚಿಡದೆ ಹೇಳಬೇಕು. ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ನಾಲ್ಕು ದಿನದ ತರಬೇತಿ ಇದೆ. ಹೊಳೆಯ ಪಾಠ ಬೇರೆ, ಅದನ್ನು ಸಮದ್ ಅವರೇ ಕಲಿಸುತ್ತಾರಂತೆ. ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಮತ್ತು ಟ್ಯಾಂಕ್ ಕಟ್ಟುವ ಜಾಕೆಟ್ ಕೂಡ ಆಮೇಲೆಯೇ ಕೊಡುತ್ತಾರೆ. ಅವರ ಅಳಿಯ ಶಾನವಾಝ್ ಈ ಕೆಲಸ ಬಲ್ಲವನು, ಇನ್ನು ಮುಂದೆ ನಿಮ್ಮ ಜೊತೆ ಇಳಿಯಲು ಒಪ್ಪಿದ್ದಾನೆ. ಒಬ್ಬರೇ ಇಳಿಯುವುದು ಇನ್ನಿಲ್ಲ. ಹೋಗುವ ಮೊದಲು ನನಗೆ ಹೇಳಿ ಹೋಗಬೇಕು, ಬಂದ ಮೇಲೆ ಏನಾಯಿತೆಂದು ಆದದ್ದು ಆದ ಹಾಗೆ ಹೇಳಬೇಕು. ಇದು ಸಮದ್ ಅವರ ಷರತ್ತಲ್ಲ, ನನ್ನದು.

ಒಪ್ಪಿಗೆಯಾದರೆ ಬರುವ ಭಾನುವಾರ ಬನ್ನಿ. ತನ್ಮಯಿಯೂ ಬರುತ್ತಾಳೆ. ಬಸ್ಸಿನಲ್ಲಿ ಹೊತ್ತು ಹೋಗಬೇಡಿ, ಪಿಕಪ್ ತನ್ನಿ. ಮಧ್ಯಾಹ್ನ ಊಟಕ್ಕೆ ಕುಚ್ಚಲಕ್ಕಿ ಅನ್ನವೂ ಬಸಳೆ ಪದಾರ್ಥವೂ ಇರುತ್ತದೆ. ಒಪ್ಪಿಗೆ ಇಲ್ಲದಿದ್ದರೂ ಬನ್ನಿ, ಊಟ ಅದೇ.

ಉತ್ತರವನ್ನು ಫೋನಿನಲ್ಲಿ “ಆಯ್ತು” ಎಂದು ಮುಗಿಸಬೇಡಿ.

ನಿಮ್ಮ ಕ್ಷೇಮ ಬಯಸುವ
ಶಂಕರಿ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬಾರದೆ ಬಿಟ್ಟದ್ದು: ತೀರ್ಥರಾಮ ಹೋದ ಸಂಜೆ ಪೋಲೀಸರು ಕಡವಿನಲ್ಲಿ, ಮುಳುಗಿ ಹುಡುಕುವವರು ಯಾರಾದರೂ ಗೊತ್ತುಂಟಾ ಎಂದು ಎಲ್ಲರನ್ನೂ ಕೇಳುತ್ತಿದ್ದರು. ನಿಮ್ಮ ಹೆಸರು ಹೇಳಿದ್ದು ನಾನು. ನಿಮ್ಮ ನಂಬರನ್ನು ಫೋನಿನಿಂದ ಅಳಿಸಿ ವರ್ಷವಾಗಿತ್ತು. ಹತ್ತು ಅಂಕೆಯನ್ನೂ ಬಾಯಲ್ಲೇ ಹೇಳಿದೆ. ಬರೆದುಕೊಂಡವರು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದರು. ಮನೆಯವಳು ಎಂದೆ.